ಬಿಸಿಲಿನ ಕೋಣೆ

ಮನೆಗೆ ನೆರಳು ಬೇಕೋ ಬಿಸಿಲು ಬೇಕೋ ಎಂಬ ಪ್ರಶ್ನೆಗೆ ಎಲ್ಲ ನಾಡುಗಳೂ ಒಂದೇ ಉತ್ತರವನ್ನು ಕೊಡುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಮನೆ ಕಟ್ಟುವವನು ಬೇಸಗೆಯ ಬಿಸಿಲನ್ನು ಹೊರಗೆ ನಿಲ್ಲಿಸುವ ಬಗೆಯನ್ನೇ ಮೊದಲು ಯೋಚಿಸುತ್ತಾನೆ. ಮುಂದೆ ಚಾಚಿದ ಮಾಡು, ಅದರ ಕೆಳಗೆ ಜಗಲಿ, ದಪ್ಪನೆಯ ಗೋಡೆ, ಚಿಕ್ಕ ಕಿಟಕಿ ಇವೆಲ್ಲವೂ ಅದಕ್ಕಾಗಿ ಹುಟ್ಟಿದ ಉಪಾಯಗಳು. ಆದರೆ ಭಾರತದ ಉತ್ತರದ ತುದಿಯಲ್ಲಿರುವ ಲಡಾಖಿನಲ್ಲಿ ಮನೆಯವರು ಬಿಸಿಲನ್ನು ಅತಿಥಿಯಂತೆ ಆದರದಿಂದ ಒಳಗೆ ಕರೆಯುತ್ತಾರೆ. ಸಂಜೆಯಾಯಿತೆಂದು ಆ ಅತಿಥಿ ಹೊರಟುಹೋಗದಂತೆ ಏರ್ಪಾಡನ್ನೂ ಮಾಡುತ್ತಾರೆ. ಇದಕ್ಕಾಗಿ ಅವರು ಮನೆಗೆ ಸೇರಿಸಿ ಕಟ್ಟುವ ಗಾಜಿನ ಕೋಣೆಗೆ ‘ಶೆಲ್‌ಖಾಂಗ್’ ಎಂದು ಹೆಸರು. ಲಡಾಖಿ ಭಾಷೆಯಲ್ಲಿ ‘ಶೆಲ್’ ಎಂದರೆ ಗಾಜು, ‘ಖಾಂಗ್’ ಎಂದರೆ ಮನೆ ಅಥವಾ ಕೋಣೆ.

ಲಡಾಖಿನ ಮುಖ್ಯ ಪಟ್ಟಣವಾದ ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದಲ್ಲಿದೆ. ಜನವರಿಯ ರಾತ್ರಿಗಳಲ್ಲಿ ಅಲ್ಲಿನ ಉಷ್ಣತೆ ಶೂನ್ಯಕ್ಕಿಂತ 15ರಿಂದ 20 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯುವುದುಂಟು. ಹೀಗಿದ್ದರೂ ಪ್ರಕೃತಿ ಆ ನಾಡಿಗೆ ಒಂದು ಉಪಕಾರವನ್ನು ಮಾಡಿದೆ. ಹಿಮಾಲಯದ ಮರೆಯಲ್ಲಿರುವುದರಿಂದ ಮೋಡಗಳು ಅಲ್ಲಿಗೆ ಬರುವುದು ಅಪರೂಪ. ವರ್ಷದ ಹೆಚ್ಚಿನ ದಿನಗಳಲ್ಲಿ ಆಕಾಶ ನಿರ್ಮಲವಾಗಿರುತ್ತದೆ. ಗಾಳಿಯೂ ತೆಳುವಾದುದರಿಂದ ಬಿಸಿಲು ಚುರುಕಾಗಿ ಬೀಳುತ್ತದೆ. ಬಿಸಿಲಿನಲ್ಲಿ ಕುಳಿತವನ ಮುಖ ಕಾಯುತ್ತಿದ್ದರೆ ನೆರಳಿನಲ್ಲಿ ಚಾಚಿದ ಅವನ ಕಾಲು ಮರಗಟ್ಟುತ್ತದೆ. ಶಾಖವೂ ಚಳಿಯೂ ಅಷ್ಟು ಹತ್ತಿರದಲ್ಲಿ ಇರುವ ನಾಡು ಅದು.

ಅಲ್ಲಿ ಬಿಸಿಲಿಗೇನೋ ಕೊರತೆಯಿಲ್ಲ. ಕೊರತೆ ಇರುವುದು ಸೌದೆಗೆ. ಬೆಟ್ಟಗಳು ಬೋಳು. ನೀರಿನ ಕಾಲುವೆಗಳ ಅಂಚಿನಲ್ಲಿ ಜನರು ನೆಟ್ಟು ಬೆಳೆಸಿದ ಪಾಪ್ಲರ್ ಮತ್ತು ವಿಲೋ ಮರಗಳುಂಟು. ಆದರೆ ಅವು ಮನೆಯ ತೊಲೆಗೂ ಸೂರಿಗೂ ಬೇಕು. ಆದುದರಿಂದ ಚಳಿಗಾಲದ ಒಲೆಗೆ ದನಗಳ ಸಗಣಿಯ ಬೆರಣಿ ಮತ್ತು ಗುಡ್ಡಗಳಿಂದ ಕಿತ್ತು ತಂದ ಕುರುಚಲು ಗಿಡಗಳೇ ಬಹುಕಾಲದಿಂದ ಆಧಾರವಾಗಿದ್ದವು. ಒಲೆಗೆ ಹೋದ ಸಗಣಿ ಹೊಲಕ್ಕೆ ಗೊಬ್ಬರವಾಗಲಾರದು. ಕಿತ್ತ ಕುರುಚಲು ಆ ಶೀತ ಮರುಭೂಮಿಯಲ್ಲಿ ಬೇಗನೆ ಮತ್ತೆ ಚಿಗುರಲಾರದು. ಮುಚ್ಚಿದ ಕೋಣೆಯಲ್ಲಿ ತುಂಬಿದ ಹೊಗೆ ಒಲೆಯ ಮುಂದೆ ಕೂರುವ ತಾಯಂದಿರ ಕಣ್ಣನ್ನೂ ಮಕ್ಕಳ ಶ್ವಾಸಕೋಶವನ್ನೂ ಕೆಡಿಸುತ್ತದೆ. ಸೀಮೆಎಣ್ಣೆ, ಅಡುಗೆ ಅನಿಲಗಳು ದೂರದ ಬಯಲಿನಿಂದ ಕಣಿವೆಗಳನ್ನು ದಾಟಿ ಲಾರಿಗಳಲ್ಲಿ ಬರಬೇಕು. ಇಂತಹ ಕಡೆ ಮನೆಗೆ ಒಂದು ಬಿಸಿಲಿನ ಕೋಣೆಯನ್ನು ಸೇರಿಸುವುದು ಶೋಕಿಯ ಮಾತಲ್ಲ. ಅದು ಹೊಲದ, ಗುಡ್ಡದ ಮತ್ತು ಮನೆಯವರ ಆರೋಗ್ಯದ ಪ್ರಶ್ನೆ.

ಬಿಸಿಲನ್ನು ಮನೆಗೆ ಕರೆಯುವ ವಿಚಾರ ಹೊಸದೇನೂ ಅಲ್ಲ. ಚಳಿಗಾಲದ ಬಿಸಿಲು ಒಳಗೆ ಬರುವಂತೆ ಮನೆಯ ಮುಖವನ್ನು ದಕ್ಷಿಣಕ್ಕೆ ಇಡಬೇಕೆಂದು ಗ್ರೀಸಿನ ತತ್ತ್ವಜ್ಞಾನಿ ಸಾಕ್ರೆಟೀಸನು ವಿವರಿಸಿದುದನ್ನು ಅವನ ಶಿಷ್ಯ ಕ್ಸೆನೊಫನ್ ಬರೆದಿಟ್ಟಿದ್ದಾನೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸೂರ್ ಎಂಬಾತನು 1767ರಲ್ಲಿ ಗಾಜಿನ ಮುಚ್ಚಳಗಳುಳ್ಳ ಪೆಟ್ಟಿಗೆಯನ್ನು ಬಿಸಿಲಿನಲ್ಲಿರಿಸಿ ಪ್ರಯೋಗ ನಡೆಸಿದನು. ಮುಂದೆ ಸುಧಾರಿಸಿದ ಪೆಟ್ಟಿಗೆಯಲ್ಲಿ ನೀರು ಕುದಿಯುವ ಮಟ್ಟವನ್ನೂ ಮೀರಿದ ಶಾಖ ಅವನಿಗೆ ದೊರೆಯಿತು. ಲಡಾಖಿನಲ್ಲಿಯಾದರೋ ಮೋಟಾರು ರಸ್ತೆಗಳಾಗಿ ಗಾಜು ಸುಲಭವಾಗಿ ಸಿಗತೊಡಗಿದ ಮೇಲೆ ಇಂತಹ ಕೋಣೆಗಳು ಹೆಚ್ಚಿದವು.

ಈ ಕೋಣೆ ಹೇಗೆ ಕೆಲಸ ಮಾಡುತ್ತದೆ? ಕಿಟಕಿಗಳನ್ನೆಲ್ಲ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಬಸ್ಸನ್ನು ನೆನೆದುಕೊಂಡರೆ ಸಾಕು. ಸೂರ್ಯನ ಬೆಳಕು ಗಾಜನ್ನು ಹಾದು ಒಳಗೆ ಬಂದು ನೆಲ, ಗೋಡೆಗಳ ಮೇಲೆ ಬಿದ್ದು ಶಾಖವಾಗಿ ಮಾರ್ಪಡುತ್ತದೆ. ಕಾದ ವಸ್ತುಗಳೂ ಕಿರಣಗಳನ್ನು ಸೂಸುತ್ತವೆ. ಆದರೆ ಕಣ್ಣಿಗೆ ಕಾಣದ ಆ ಶಾಖಕಿರಣಗಳನ್ನು ಗಾಜು ಬೆಳಕಿನಂತೆ ನೇರವಾಗಿ ಹಾದುಹೋಗಗೊಡುವುದಿಲ್ಲ. ಬಿಸಿಯಾದ ಗಾಳಿಯೂ ಹೊರಗಿನ ತಂಗಾಳಿಯಲ್ಲಿ ಬೆರೆಯದೆ ಒಳಗೇ ಉಳಿಯುತ್ತದೆ. ಹೀಗೆ ಗಾಜು ಶಾಖವನ್ನು ಗಳಿಸಿಕೊಡುತ್ತದೆ.

ಆದರೆ ಎಲ್ಲ ದಿಕ್ಕಿನ ಗಾಜೂ ಒಂದೇ ಬಗೆಯಾಗಿ ಗಳಿಸುವುದಿಲ್ಲ. ಲೇಹ್‌ನಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ದಕ್ಷಿಣ ದಿಗಂತದಿಂದ ಕೇವಲ 32 ಡಿಗ್ರಿಯಷ್ಟು ಮೇಲಿರುತ್ತಾನೆ. ಜೂನ್ 21ರ ಸುಮಾರಿಗೆ 79 ಡಿಗ್ರಿಗೆ ಏರಿ ಬಹುಮಟ್ಟಿಗೆ ನೆತ್ತಿಯ ಮೇಲೆ ಬರುತ್ತಾನೆ. ಆದುದರಿಂದ ದಕ್ಷಿಣಕ್ಕೆ ನೆಟ್ಟಗೆ ನಿಲ್ಲಿಸಿದ ಗಾಜಿನೊಳಗೆ ಚಳಿಗಾಲದ ಓರೆಬಿಸಿಲು ದೂರದವರೆಗೆ ನುಗ್ಗುತ್ತದೆ. ಬೇಸಗೆಯ ಬಿಸಿಲನ್ನು ತುಸು ಮುಂದೆ ಚಾಚಿದ ಸೂರೇ ತಡೆದುಬಿಡುತ್ತದೆ. ಚೆಲುವಿಗೆ ಮನಸೋತು ಸೂರನ್ನೂ ಗಾಜಿನಿಂದಲೇ ಮುಚ್ಚಿದವರಿಗೆ ಬೇಸಗೆಯಲ್ಲಿ ಬೇಗೆ, ಚಳಿಗಾಲದ ರಾತ್ರಿಯಲ್ಲಿ ಕೊರೆತ. ಏಕೆಂದರೆ ನಿರ್ಮಲವಾದ ಆಕಾಶ ರಾತ್ರಿಯಲ್ಲಿ ಶಾಖವನ್ನು ಹೀರಿಕೊಳ್ಳುವುದು ಸೂರಿನ ಮೂಲಕವೇ ಹೆಚ್ಚು.

ಗಳಿಸಿದ ಮಾತ್ರಕ್ಕೆ ಸಂಸಾರ ಸಾಗದು, ಕೂಡಿಡಲೂ ಬೇಕು. ಗಾಳಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಲ್ಲು, ಮಣ್ಣು, ನೀರುಗಳು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತವೆ. ಬಿಸಿಲಿನ ಕೋಣೆಗೂ ಮನೆಗೂ ನಡುವೆ ಇರುವ ಮಣ್ಣಿನ ಗೋಡೆಯೇ ಇಲ್ಲಿ ಖಜಾನೆ. ಒಂದು ಅಡಿ ದಪ್ಪದ ಅಂತಹ ಗೋಡೆಯನ್ನು ದಾಟಲು ಶಾಖಕ್ಕೆ ಸುಮಾರು ಎಂಟು ಹತ್ತು ಗಂಟೆಗಳಾದರೂ ಬೇಕು. ಹೀಗೆ ಮಧ್ಯಾಹ್ನ ಗೋಡೆಯ ಹೊರಮೈಗೆ ಬಿದ್ದ ಬಿಸಿಲು ರಾತ್ರಿ ಮಲಗುವ ಹೊತ್ತಿಗೆ ಒಳಮೈಗೆ ತಲಪುತ್ತದೆ. ಗೋಡೆಯ ಬದಿಯಲ್ಲಿ ನೀರು ತುಂಬಿದ ಪೀಪಾಯಿಗಳನ್ನು ಇಡುವುದೂ ಉಂಟು. ಅದೇ ಗಾತ್ರದ ಕಲ್ಲು ಹಿಡಿದಿಡುವುದಕ್ಕಿಂತ ಸುಮಾರು ಇಮ್ಮಡಿ ಶಾಖವನ್ನು ನೀರು ಹಿಡಿದಿಡಬಲ್ಲುದು. ಕೋಣೆಯನ್ನು ದೊಡ್ಡದು ಮಾಡುವ ಆಸೆಯಿಂದ ನಡುವಿನ ಗೋಡೆಯನ್ನು ಕೆಡವಿದವನು ಖಜಾನೆಯನ್ನೇ ಕೆಡವಿದಂತಾಗುತ್ತದೆ.

ಮೂರನೆಯದು ಕಾಯ್ದುಕೊಳ್ಳುವ ಕೆಲಸ. ಹಗಲಿನಲ್ಲಿ ಗಳಿಸಿಕೊಟ್ಟ ಗಾಜೇ ಇರುಳಿನಲ್ಲಿ ಕಳೆಯುವ ಬಾಗಿಲಾಗುತ್ತದೆ. ತೆಳುವಾದ ಒಂಟಿ ಗಾಜಿನಿಂದ ಶಾಖ ಬಹು ಬೇಗ ಸೋರಿಹೋಗುತ್ತದೆ. ಎರಡು ಗಾಜುಗಳ ನಡುವೆ ಗಾಳಿಯ ಪದರವನ್ನು ಉಳಿಸಿದರೆ ಸೋರಿಕೆ ತಗ್ಗುತ್ತದೆ. ಸೂರ್ಯ ಮುಳುಗಿದೊಡನೆ ದಪ್ಪ ಪರದೆಯನ್ನು ಇಳಿಬಿಟ್ಟರೆ ಇನ್ನೂ ತಗ್ಗುತ್ತದೆ. ಹಗಲಿನಲ್ಲಿ ನಡುವಿನ ಬಾಗಿಲನ್ನು ತೆರೆದಿಟ್ಟರೆ ಬಿಸಿಗಾಳಿ ಮೇಲ್ಭಾಗದಿಂದ ಮನೆಯೊಳಕ್ಕೆ ಹರಿಯುತ್ತದೆ, ಮನೆಯ ತಣ್ಣನೆಯ ಗಾಳಿ ಕೆಳಭಾಗದಿಂದ ಬಿಸಿಲಿನ ಕೋಣೆಗೆ ಬರುತ್ತದೆ. ಸಂಜೆ ಅದೇ ಬಾಗಿಲನ್ನು ಮುಚ್ಚಲು ಮರೆತರೆ ಹಗಲಿನ ಗಳಿಕೆ ಇರುಳಿನಲ್ಲಿ ಹೊರಟುಹೋಗುತ್ತದೆ. ಬಿಸಿಲಿನ ಕೋಣೆ ರಾತ್ರಿಯಲ್ಲಿ ತಣ್ಣಗಾಯಿತೆಂದು ಅದರಲ್ಲಿ ಒಲೆ ಹಚ್ಚುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಚಳಿಯಿದ್ದಲ್ಲೆಲ್ಲ ಈ ಉಪಾಯ ಒಂದೇ ಸಮನೆ ಫಲಿಸುವುದಿಲ್ಲ. ಚಳಿಗಾಲದಲ್ಲಿ ಮೋಡ ಮಂಜುಗಳು ಕವಿಯುವ ಕಾಶ್ಮೀರದ ಕಣಿವೆಗಿಂತ ಚಳಿ ಹೆಚ್ಚಿದ್ದರೂ ಆಕಾಶ ತಿಳಿಯಾಗಿರುವ ಲಡಾಖಿಗೆ ಇದರಿಂದ ಲಾಭ ಅಧಿಕ. ಗೋಡೆಯ ಆಯ್ಕೆಯೂ ಅಷ್ಟೇ ಮುಖ್ಯ. ಇತ್ತೀಚಿನ ದಶಕಗಳಲ್ಲಿ ಲೇಹ್‌ನಲ್ಲಿ ಸಿಮೆಂಟಿನ ಕಟ್ಟಡಗಳು ಹೆಚ್ಚಿವೆ. ಕಾಂಕ್ರೀಟಿನ ಮೂಲಕ ಶಾಖ ಮಣ್ಣಿಗಿಂತ ಬೇಗನೆ ಹೊರಗೆ ಹರಿಯುತ್ತದೆ. ಇದಕ್ಕೆ ಪ್ರತಿಯಾಗಿ ಹಳೆಯ ಮಣ್ಣಿನ ಗುಣವನ್ನು ಹೊಸ ತಿಳಿವಳಿಕೆಯೊಡನೆ ಕೂಡಿಸಿದವರೂ ಇದ್ದಾರೆ. 1988ರಲ್ಲಿ ಲಡಾಖಿನ ತರುಣರು ಸ್ಥಾಪಿಸಿದ ಸೆಕ್ಮೋಲ್ ಸಂಸ್ಥೆ ಲೇಹ್ ಸಮೀಪದ ಫೇ ಗ್ರಾಮದ ಬಳಿ ತನ್ನ ಕಟ್ಟಡಗಳನ್ನು ದಕ್ಷಿಣಾಭಿಮುಖವಾಗಿ, ಅದುಮಿ ಗಟ್ಟಿಮಾಡಿದ ಮಣ್ಣಿನ ಗೋಡೆಗಳಿಂದ ಕಟ್ಟಿತು. ಚಳಿಗಾಲದಲ್ಲಿ ಅವುಗಳ ದಕ್ಷಿಣದ ಬದಿಗೆ ಪ್ಲಾಸ್ಟಿಕ್ ಹಾಳೆಯ ಹೊದಿಕೆಯನ್ನು ಕಟ್ಟಿ, ವಸಂತದಲ್ಲಿ ಬಿಚ್ಚಿಡುವ ಪದ್ಧತಿಯನ್ನು ಅಲ್ಲಿ ರೂಢಿಸಿದರು. ಗಾಜಿಗೆ ಹಣವಿಲ್ಲದ ಸಂಸಾರಕ್ಕೂ ಇದು ನಿಲುಕುವ ದಾರಿ. ಅಲ್ಲಿಯ ದೊಡ್ಡ ಕಟ್ಟಡಕ್ಕೆ 2016ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಮಣ್ಣಿನ ವಾಸ್ತುಶಿಲ್ಪಕ್ಕೆ ಮೀಸಲಾದ ಟೆರ್‍ರಾ ಪ್ರಶಸ್ತಿ ದೊರೆಯಿತು.

ಚಳಿಗಾಲದ ಮಧ್ಯಾಹ್ನ ಹೊರಗೆ ನೀರಿನ ಕಾಲುವೆ ಹೆಪ್ಪುಗಟ್ಟಿರುವಾಗ ಶೆಲ್‌ಖಾಂಗಿನಲ್ಲಿ ಅಜ್ಜಿ ಉಣ್ಣೆ ನೂಲುತ್ತಾಳೆ. ತಾಯಿ ಒಗೆದ ಬಟ್ಟೆ ಹರವುತ್ತಾಳೆ. ಮಕ್ಕಳು ಕೈಗವಸನ್ನು ತೆಗೆದಿಟ್ಟು ಲೇಖನಿ ಹಿಡಿಯುತ್ತಾರೆ. ಮೂಲೆಯ ಕುಂಡದಲ್ಲಿ ಒಂದಿಷ್ಟು ಸೊಪ್ಪು ಹಸಿರಾಗಿರುತ್ತದೆ. ಅಷ್ಟು ಹೊತ್ತು ಒಲೆ ಉರಿಯುವುದಿಲ್ಲ, ಹೊಗೆಯಿಲ್ಲ. ಒಂದು ಬುಟ್ಟಿ ಬೆರಣಿ ಹೊಲಕ್ಕೆ ಉಳಿಯುತ್ತದೆ. ಸೂರ್ಯ ಎಲ್ಲರ ಮನೆಯ ಮೇಲೂ ಬೆಳಗುತ್ತಾನೆ. ಆದರೆ ಆ ಬೆಳಕನ್ನು ಗಳಿಸಿ, ಕೂಡಿಟ್ಟು, ಕಾಯ್ದುಕೊಳ್ಳುವ ವಿವೇಕವುಳ್ಳ ಮನೆಯಲ್ಲಿ ಮಾತ್ರ ಅವನು ಮುಳುಗಿದ ಮೇಲೂ ಉಳಿಯುತ್ತಾನೆ.