ಬ್ರೆಜಿಲ್ ದೇಶದಲ್ಲಿ ಒಕ್ಕಲುತನದ ವಿದ್ಯಾರ್ಥಿಯ ದಿನಚರ್ಯೆ

ಮುದ್ದೇಬಿಹಾಳ ತಾಲೂಕಿನ ನಾಲತವಾಡದ ಸುತ್ತಲಿನ ಎರೆಹೊಲಗಳಲ್ಲಿ ಜೋಳ, ಕಡಲೆ, ತೊಗರಿಗಳನ್ನು ಬೆಳೆಯುವ ಒಕ್ಕಲಿಗರಿಗೆ ಬ್ರೆಜಿಲ್ ದೇಶವೆಂಬುದು ಬಹು ದೂರದ ಮಾತೆಂದು ತೋರುವದು ಸಹಜವು. ಆದರೆ ವಿಚಾರಿಸಿ ನೋಡಿದರೆ ಆ ದೇಶಕ್ಕೂ ನಮ್ಮ ಸೀಮೆಗೂ ಇರುವ ನಂಟು ಹಳೆಯದು. 1500ನೆಯ ಇಸ್ವಿಯ ಏಪ್ರಿಲ್ ತಿಂಗಳಲ್ಲಿ ಬ್ರೆಜಿಲಿನ ದಂಡೆಯನ್ನು ಮುಟ್ಟಿದ ಕಬ್ರಾಲನೆಂಬ ಪೋರ್ತುಗೀಜ ನಾವಿಕನ ಹಡಗುಗಳೇ ಅದೇ ವರ್ಷ ಮುಂದೆ ಸಾಗಿ ಕಲ್ಲಿಕೋಟೆಗೆ ಬಂದವು. ಹತ್ತು ವರ್ಷಗಳ ತರುವಾಯ, 1510ರಲ್ಲಿ, ಬಿಜಾಪುರದ ಆದಿಲಶಾಹಿಯ ಕೈತಪ್ಪಿ ಗೋವೆಯು ಪೋರ್ತುಗೀಜರ ವಶವಾಯಿತು. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಗೇರು, ಪೇರಲ ಮೊದಲಾದವು ಅಮೇರಿಕಾ ಖಂಡದಿಂದ ಇತ್ತ ಬಂದವು. ಮಾವು ಹಲಸುಗಳು ಅತ್ತ ಹೋದವು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ದನಗಳೂ ಅದೇ ದಾರಿಯನ್ನು ಹಿಡಿದವು.

ಈಗ ವಿದ್ಯಾರ್ಥಿಗಳು ಹೋಗುವ ಕಾಲವು ಬಂದಿದೆ. ಬ್ರೆಜಿಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಉಷ್ಣಪ್ರದೇಶದ ಒಕ್ಕಲುತನದಲ್ಲಿ ಅಲ್ಲಿಯ ಸಂಶೋಧನೆಯು ಹೆಸರುವಾಸಿಯಾಗಿದೆ. ಧಾರವಾಡ ಅಥವಾ ವಿಜಯಪುರದ ಕೃಷಿ ಮಹಾವಿದ್ಯಾಲಯದಲ್ಲಿ ಪದವಿಯನ್ನು ಪಡೆದ ತರುಣನು ಅಲ್ಲಿಗೆ ಹೋಗುವೆನೆಂದರೆ ತಂದೆತಾಯಿಗಳಿಗೆ ಮೂರು ಪ್ರಶ್ನೆಗಳು ಏಳುತ್ತವೆ: ಅಲ್ಲಿ ಅವನು ಹೇಗೆ ಬಾಳುವನು? ಏನನ್ನು ಉಣ್ಣುವನು? ಮರಳಿ ಬರುವಾಗ ಏನನ್ನು ತರುವನು? ನಾಲತವಾಡದಂಥ ಊರಿನಿಂದ ಹೊರಟ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಂಡು ಈ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಕಾಲಮಾನ

ಬ್ರೆಜಿಲ್ ದೇಶದ ವಿಸ್ತೀರ್ಣವು ಸುಮಾರು 85 ಲಕ್ಷ ಚದರ ಕಿಲೋಮೀಟರು. ಅಂದರೆ ಭಾರತದ ಎರಡೂವರೆ ಪಟ್ಟಿಗೂ ಹೆಚ್ಚು. ಅದರ ಬಹುಭಾಗವು ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಆದಕಾರಣ ಋತುಗಳು ತಿರುವುಮುರುವಾಗಿರುತ್ತವೆ. ಇಲ್ಲಿ ಮುಂಗಾರಿಯ ಬಿತ್ತಿಗೆ ನಡೆಯುವ ಜೂನ್ ಜುಲೈ ತಿಂಗಳುಗಳಲ್ಲಿ ಅಲ್ಲಿ ಚಳಿಗಾಲ. ದಕ್ಷಿಣ ಭಾಗದಲ್ಲಿ ಹಿಮಪಾತದಂತೆ ಇಬ್ಬನಿ ಹೆಪ್ಪುಗಟ್ಟಿ ಬೆಳೆಗಳು ಸುಡುವದೂ ಉಂಟು. 1975ರ ಜುಲೈಯಲ್ಲಿ ಹೀಗೆ ಬಿದ್ದ ಇಬ್ಬನಿಯಿಂದ ಪರಾನಾ ಪ್ರಾಂತದ ಕಾಫಿತೋಟಗಳು ನಾಶವಾದವು. ಆದಕಾರಣ ಉಷ್ಣದೇಶವೆಂದು ನಂಬಿ ಬೆಚ್ಚನೆಯ ಬಟ್ಟೆಯಿಲ್ಲದೆ ಹೋಗತಕ್ಕದ್ದಲ್ಲ.

ಗಡಿಯಾರದ ಅಂತರವು ಎಂಟೂವರೆ ತಾಸು. ನಾಲತವಾಡದಲ್ಲಿ ನಡುಮಧ್ಯಾಹ್ನವಾದಾಗ ಸಾವ್ ಪಾವ್ಲೊ ಪ್ರಾಂತದಲ್ಲಿ ಬೆಳಗಿನ ಜಾವದ ಮೂರೂವರೆ. ತಾಯಿಯು ಹೊಲದಿಂದ ಬಂದು ರೊಟ್ಟಿ ಬಡಿಯುವ ಹೊತ್ತಿಗೆ ಮಗನು ಪ್ರಯೋಗಶಾಲೆಯಲ್ಲಿ ಇರುತ್ತಾನೆ. ಅವನಿಗೆ ಬಿಡುವಾದಾಗ ಮನೆಯವರು ನಿದ್ದೆಯಲ್ಲಿರುತ್ತಾರೆ. ಮಾತನಾಡುವ ವೇಳೆಯನ್ನು ವಾರಕ್ಕೊಂದು ದಿನ ಗೊತ್ತುಮಾಡಿಕೊಂಡರೆ ಉಭಯತರಿಗೂ ಸಮಾಧಾನ.

ಭಾಷೆ

ಅಲ್ಲಿಯ ಜನರ ಭಾಷೆಯು ಪೋರ್ತುಗೀಜ. ಅನೇಕ ವಿಭಾಗಗಳಲ್ಲಿ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಲು ಅನುಮತಿಯುಂಟು. ಆದರೆ ಅಂಗಡಿ, ಆಸ್ಪತ್ರೆ, ಹೊಲ, ಗೋದಾಮುಗಳಲ್ಲಿ ಇಂಗ್ಲಿಷು ನಡೆಯುವದಿಲ್ಲ. ಮೊದಲಿನ ಮೂರು ತಿಂಗಳು ವಿದ್ಯಾರ್ಥಿಯು ಮೂಕನಂತೆ ಇರಬೇಕಾಗುತ್ತದೆ. ಆದರೂ ವಿಜಯಪುರ ಜಿಲ್ಲೆಯವನಿಗೆ ಒಂದು ಆಶ್ಚರ್ಯವು ಕಾದಿರುತ್ತದೆ. ಬೀಗದ ಕೈಗೆ ನಮ್ಮವರು ಚಾವಿಯೆನ್ನುತ್ತಾರೆ, ಅಲ್ಲಿಯವರು ಶಾವಿ ಎನ್ನುತ್ತಾರೆ. ನಮ್ಮ ಮೇಜು ಅವರ ಮೇಜಾ. ನಮ್ಮ ಅಲಮಾರಿ ಅವರ ಅರ್ಮಾರಿಯು. ನಮ್ಮ ಬಟಾಟೆ ಅವರಿಗೂ ಬಟಾಟಾ. ಪಗಾರವೆಂಬ ನಮ್ಮ ಮಾತಿನ ಮೂಲವು ಕೊಡು, ಸಲ್ಲಿಸು ಎಂಬರ್ಥದ ಅವರ ಪಗಾರ್. ದನದ ಪೇಟೆಯಲ್ಲಿ ಅವರು ಲೇಲಾಂವ್ ಎಂದು ಕೂಗುವದು ನಮ್ಮ ಲಿಲಾವೇ. ಗೋವೆಯ ಮೂಲಕ ನಮ್ಮ ಮನೆಯ ಒಳಗೆ ಬಂದ ಶಬ್ದಗಳಿವು. ಈ ಹಿಡಿ ಶಬ್ದಗಳಿಂದ ಭಾಷೆಯು ಬಂದಂತಾಗದು. ಆದರೆ ಪರಸ್ಥಳದಲ್ಲಿ ಕಂಗೆಟ್ಟವನಿಗೆ ಅವು ಧೈರ್ಯವನ್ನು ಕೊಡುತ್ತವೆ. ಹೊರಡುವ ಮೊದಲು ಆರು ತಿಂಗಳಾದರೂ ಪೋರ್ತುಗೀಜವನ್ನು ಅಭ್ಯಾಸ ಮಾಡತಕ್ಕದ್ದು.

ಗುರುಶಿಷ್ಯರ ನಡವಳಿಕೆಯೂ ಬೇರೆ. ಅಲ್ಲಿ ಪ್ರಾಧ್ಯಾಪಕರನ್ನು ಮನೆತನದ ಹೆಸರಿನಿಂದ ಕರೆಯದೆ ಇಟ್ಟ ಹೆಸರಿನಿಂದಲೇ ಕರೆಯುತ್ತಾರೆ. ಗುರುಗಳೆದುರಿಗೆ ಕೈಕಟ್ಟಿ ನಿಂತು ರೂಢಿಯಾದ ನಮ್ಮ ಹುಡುಗನು ಕೆಲವು ದಿನ ಬಾಯಿ ತೆರೆಯಲಾರನು. ತಿಳಿಯದುದನ್ನು ಕೇಳದೆ ಸುಮ್ಮನಿದ್ದರೆ ಅಲ್ಲಿ ಅದು ವಿನಯವೆನಿಸುವದಿಲ್ಲ. ತಿಳಿದಿದೆಯೆಂದು ಭಾವಿಸಿ ಮುಂದಕ್ಕೆ ಹೋಗುತ್ತಾರೆ.

ವಸತಿ ಮತ್ತು ಊಟ

ನಾಲ್ಕೆಂಟು ವಿದ್ಯಾರ್ಥಿಗಳು ಕೂಡಿ ಬಾಡಿಗೆಯ ಮನೆಯೊಂದನ್ನು ಹಿಡಿದು ಬಾಳುವ ಪದ್ಧತಿಯು ಅಲ್ಲಿ ಬಹು ಪ್ರಚಾರದಲ್ಲಿದೆ. ಇಂಥ ಮನೆಗೆ ರೆಪೂಬ್ಲಿಕಾ, ಅಂದರೆ ಗಣರಾಜ್ಯವೆಂದು ಹೆಸರು. ಅಡಿಗೆ, ಕಸಗುಡಿಸುವಿಕೆ, ಸಂತೆ ಇವೆಲ್ಲ ಸರದಿಯ ಮೇಲೆ ನಡೆಯುತ್ತವೆ. ಮನೆಯಲ್ಲಿ ತಾಟು ತೊಳೆದು ಅರಿಯದ ಹುಡುಗನಿಗೆ ಇದು ಮೊದಲನೆಯ ಪಾಠವು.

ಮಧ್ಯಾಹ್ನದ ಊಟವು ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಅನ್ನ ಮತ್ತು ಬೇಯಿಸಿದ ಅವರೆಜಾತಿಯ ಕಾಳು ಅಲ್ಲಿಯ ಬಡವಬಲ್ಲಿದರ ನಿತ್ಯದ ಆಹಾರ. ಮಾಂಸವನ್ನು ಮುಟ್ಟದವನು ಇವೆರಡರ ಮೇಲೆ ಬದುಕಬಹುದು. ಆದರೆ ಕಾಳಿನೊಳಗೆ ಮಾಂಸದ ತುಣುಕು ಬಿದ್ದಿದೆಯೋ ಎಂಬುದನ್ನು ಪ್ರತಿಸಲ ಕೇಳಿಕೊಳ್ಳಬೇಕು. ಕಬ್ಬಿನ ಹಾಲು ಬೀದಿಯಲ್ಲಿ ಸಿಗುತ್ತದೆ. ರಪದೂರಾ ಎಂಬುದು ನಮ್ಮ ಬೆಲ್ಲವೇ ಸರಿ. ಅದಕ್ಕೆ ಶೇಂಗಾ ಬೆರಸಿ ಮಾಡಿದ ಚಿಕ್ಕಿಯನ್ನು ಕಂಡರೆ ಊರ ಜಾತ್ರೆಯ ನೆನಪಾಗದಿರದು. ಜೂನ್ ತಿಂಗಳಲ್ಲಿ, ನಮ್ಮಲ್ಲಿ ಕಾರಹುಣ್ಣಿವೆಯ ಎತ್ತುಗಳು ಓಡುವ ಸುಮಾರಿಗೆ, ಅವರು ಸಂತ ಯೋಹಾನನ ಹಬ್ಬಕ್ಕೆ ಬೆಂಕಿಯ ಕುಪ್ಪೆಯನ್ನು ಹಚ್ಚಿ ಗೋವಿನಜೋಳದ ತಿನಿಸುಗಳನ್ನು ಮಾಡುತ್ತಾರೆ.

ತೊಗರಿಯು ಅಲ್ಲಿ ಗ್ವಾಂಡು ಎಂಬ ಹೆಸರಿನಿಂದ ಬೆಳೆಯುತ್ತದೆ. ಕೆಲವೆಡೆ ತಿನ್ನುತ್ತಾರೆ, ಬಹಳ ಕಡೆ ಹಸಿರುಗೊಬ್ಬರಕ್ಕೂ ಮೇವಿಗೂ ಹಾಕುತ್ತಾರೆ. ಜೋಳವಂತೂ ಸಾವಿರಾರು ಎಕರೆಗಳಲ್ಲಿ ನಿಂತಿರುತ್ತದೆ. ಆದರೆ ಅದು ದನ, ಹಂದಿ, ಕೋಳಿಗಳ ಆಹಾರ. ರೊಟ್ಟಿಗಾಗಿ ಹಿಟ್ಟನ್ನು ಹುಡುಕುವ ನಮ್ಮ ಹುಡುಗನನ್ನು ನೋಡಿ ಜೊತೆಯವರು ಬೆರಗಾಗುತ್ತಾರೆ. ಆಗ ಅವನು ನಾಚಿಕೊಳ್ಳಬಾರದು. ನೀರಿಲ್ಲದ ಎರೆಯಲ್ಲಿ ಹಿಂಗಾರಿಯ ಜೋಳವು ಮನುಷ್ಯನನ್ನೂ ಕಣಿಕೆಯಿಂದ ಎತ್ತನ್ನೂ ಹೇಗೆ ಸಾಕುತ್ತದೆಂಬುದನ್ನು ವಿವರಿಸಿ ಹೇಳಬೇಕು.

ಕೆಲಸದ ದಿನ

ಸಾವ್ ಪಾವ್ಲೊ ಪ್ರಾಂತದ ಪಿರಾಸಿಕಾಬಾದಲ್ಲಿರುವ ಲೂಯಿಸ್ ದಿ ಕೇರೋಸ್ ಕೃಷಿ ವಿದ್ಯಾಲಯವು 1901ರಲ್ಲಿ ಪ್ರಾರಂಭವಾಯಿತು. ಮಿನಾಸ್ ಜೆರಾಯಿಸ್ ಪ್ರಾಂತದ ವಿಸೋಜಾದ ವಿದ್ಯಾಲಯವು 1926ರಲ್ಲಿ ತೆರೆಯಿತು. 1973ರಲ್ಲಿ ಸ್ಥಾಪಿತವಾದ ಎಂಬ್ರಾಪಾ ಎಂಬ ರಾಷ್ಟ್ರೀಯ ಸಂಸ್ಥೆಯು, ಹುಳಿಮಣ್ಣೆಂದು ಬೀಳುಬಿಟ್ಟಿದ್ದ ಸೆರಾಡೊ ಬಯಲಿಗೆ ಸುಣ್ಣ ಮತ್ತು ರಂಜಕಗಳನ್ನು ಉಣಿಸಿ ಸಾಗುವಳಿಗೆ ತರುವದರಲ್ಲಿ ಮುಂದಾಳಾಯಿತು.

ಇಂಥಲ್ಲಿ ವಿದ್ಯಾರ್ಥಿಯ ದಿನವು ಬೆಳಿಗ್ಗೆ ಎಂಟಕ್ಕೆ ಪ್ರಾರಂಭವಾಗುತ್ತದೆ. ಮೊದಲು ಗಾಜಿನ ಮನೆಯ ಕುಂಡಗಳಿಗೆ ನೀರು, ಉಷ್ಣಮಾನದ ಲೆಕ್ಕ. ಆಮೇಲೆ ಪ್ರಯೋಗಶಾಲೆಯಲ್ಲಿ ಮಣ್ಣಿನ ಅಥವಾ ಬೇರಿನ ಪರೀಕ್ಷೆ. ಹತ್ತರ ಸುಮಾರಿಗೆ ಎಲ್ಲರೂ ಕೂಡಿ ಪುಟ್ಟ ಬಟ್ಟಲಿನಲ್ಲಿ ಕಾಫಿ ಕುಡಿಯುತ್ತಾರೆ. ಪ್ರಾಧ್ಯಾಪಕನೂ ಹೊಲದಾಳೂ ಒಂದೇ ಕಡೆ ನಿಂತಿರುತ್ತಾರೆ. ವಾರದಲ್ಲಿ ಒಂದೆರಡು ದಿನ ಹೊಲದ ಕೆಲಸ. ಸಂಜೆಗೆ ದಿನದ ಅಂಕೆಗಳನ್ನು ಪುಸ್ತಕಕ್ಕೆ ಏರಿಸದೆ ಮನೆಗೆ ಹೋಗುವಂತಿಲ್ಲ. ಮೊಳೆಯದ ಬೀಜ, ಸತ್ತ ಸಸಿ, ತಪ್ಪಿದ ಅಳತೆ ಇವನ್ನೂ ಬರೆಯಲೇಬೇಕು. ಕಡೆಗೆ ಪ್ರಬಂಧದ ಪರೀಕ್ಷೆಯು ಬಹಿರಂಗವಾಗಿ ನಡೆಯುತ್ತದೆ. ಯಾರು ಬೇಕಾದರೂ ಬಂದು ಕೇಳಬಹುದು.

ಈ ತಾಳ್ಮೆಯ ಫಲವೇನೆಂಬುದಕ್ಕೆ ಒಂದು ಉದಾಹರಣೆಯು ಸಾಕು. ಯೋಹಾನ್ನಾ ಡೋಬರೈನರ್ ಎಂಬ ವಿದುಷಿಯು 1950ರಲ್ಲಿ ಯುರೋಪದಿಂದ ಬ್ರೆಜಿಲಿಗೆ ಬಂದು, ರಿಯೊ ನಗರದ ಬಳಿಯ ಸೆರೋಪೆಜಿಕಾದಲ್ಲಿ ಹುಲ್ಲು ಮತ್ತು ಕಬ್ಬಿನ ಬೇರುಗಳ ಸುತ್ತಲಿನ ಸೂಕ್ಷ್ಮಜೀವಿಗಳನ್ನು ದಶಕಗಟ್ಟಲೆ ಶೋಧಿಸಿದರು. ಗಾಳಿಯೊಳಗಿನ ಸಾರಜನಕವನ್ನು ಹಿಡಿಯುವ ಅಝೋಸ್ಪಿರಿಲಮ್ ಎಂಬ ಜೀವಿಯ ಪ್ರಯೋಜನವು ಈ ಕೆಲಸದಿಂದ ಬೆಳಕಿಗೆ ಬಂದಿತು. ಇಂದು ನಮ್ಮ ಒಕ್ಕಲಿಗರು ಜೋಳದ ಬೀಜಕ್ಕೆ ಲೇಪಿಸುವ ಜೀವಾಣುಗೊಬ್ಬರದ ಚೀಲದಲ್ಲಿ ಇರುವದು ಅದೇ ಜೀವಿ.

ಉಬೆರಾಬಾದ ದನಗಳು

ಮಿನಾಸ್ ಜೆರಾಯಿಸ್ ಪ್ರಾಂತದ ಉಬೆರಾಬಾ ಪಟ್ಟಣಕ್ಕೆ ಹೋಗಿ ಅಲ್ಲಿಯ ಪ್ರದರ್ಶನವನ್ನು ಕಂಡ ಹೊರತು ನಮ್ಮ ವಿದ್ಯಾರ್ಥಿಯ ಅಭ್ಯಾಸವು ಮುಗಿಯದು. ಅಲ್ಲಿ ಸಾಲಾಗಿ ನಿಂತಿರುವ ದನಗಳ ಭುಜದ ಮೇಲೆ ಡುಬ್ಬ, ಕೊರಳಿನಲ್ಲಿ ಜೋಲುವ ಗಂಗೆದೊಗಲು! ನೆಲೋರೆ ಎಂಬುದು ನೆಲ್ಲೂರು ಸೀಮೆಯ ಒಂಗೋಲು. ಗುಜೆರಾ ಎಂಬುದು ಗುಜರಾತಿನ ಕಾಂಕ್ರೇಜ. ಗೀರ್ ಹೆಸರು ಬದಲಾಗದೆ ಉಳಿದಿದೆ. ದೇಶದಲ್ಲಿರುವ ಇಪ್ಪತ್ತು ಕೋಟಿಗೂ ಮಿಕ್ಕಿದ ದನಗಳಲ್ಲಿ ಬಹುಪಾಲಿಗೆ ಭಾರತದ ರಕ್ತವುಂಟು. 1921ರಲ್ಲಿ ದೊಡ್ಡರೋಗವು ತಲೆದೋರಿದ ಮೇಲೆ ಆಮದನ್ನು ನಿಲ್ಲಿಸಲಾಯಿತು; ತರುವಾಯ ವಿಶೇಷ ಅನುಮತಿಯಿಂದ ಬಂದವು ಸ್ವಲ್ಪ. 1960ರ ದಶಕದ ಮೊದಲಿಗೆ ಬಂದ ದನಗಳನ್ನು ನಡುಗಡ್ಡೆಯೊಂದರಲ್ಲಿ ಬೇರೆಯಾಗಿಟ್ಟು, ರೋಗವಿಲ್ಲವೆಂದು ಖಚಿತವಾದ ಮೇಲೆಯೇ ಒಳಗೆ ಬಿಟ್ಟರು.

ಅಲ್ಲಿಯವರು ಗೀರ್, ಗುಜೆರಾ, ನೆಲೋರೆಗಳನ್ನು ಕೂಡಿಸಿ ಇಂದುಬ್ರಾಜಿಲ್ ಎಂಬ ತಳಿಯನ್ನು ನಿರ್ಮಿಸಿದರು. ಇದನ್ನು ಕೇಳಿದಾಗ ಕೃಷ್ಣಾತೀರದ ಹುಡುಗನು ಬೆಚ್ಚಿಬೀಳಬೇಕು. ಏಕೆಂದರೆ ಅವನ ಊರ ಕಡೆಯ ಕೃಷ್ಣಾತೀರದ ತಳಿಯೂ ಗೀರ್, ಕಾಂಕ್ರೇಜ, ಒಂಗೋಲುಗಳನ್ನು ಸ್ಥಾನಿಕ ದನಗಳೊಡನೆ ಕೂಡಿಸಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲಿನಲ್ಲಿ ಬೆಳೆಸಿದ್ದು. ದಕ್ಷಿಣ ಮರಾಠಾ ಸಂಸ್ಥಾನಿಕರ ಆಶ್ರಯವು ಅದಕ್ಕಿತ್ತು. ಆಳವಾದ ಎರೆಯಲ್ಲಿ ಭಾರವಾದ ರಂಟೆಯನ್ನು ಎಳೆಯಲು ಅದರ ಸಮಾನವಾದ ಎತ್ತು ವಿರಳ. ಅದೇ ಮೂರು ರಕ್ತಗಳು ಎರಡು ದೇಶಗಳಲ್ಲಿ ಕೂಡಿದವು. ಇಂದುಬ್ರಾಜಿಲ್ ತಳಿಯ ಬೇಡಿಕೆಯೂ ಕಾಲಕ್ರಮದಲ್ಲಿ ಇಳಿಯಿತು. ಆದರೆ ಅದರ ವಂಶಾವಳಿಯು ಪುಸ್ತಕದಲ್ಲಿದೆ. 1919ರಲ್ಲಿ ಉಬೆರಾಬಾದ ದನಗಾರರು ತಾವಾಗಿಯೇ ವಂಶದಾಖಲೆಯ ಸಂಘವನ್ನು ಕಟ್ಟಿದರು. 1938ರಿಂದ ಅವರ ದಾಖಲೆಗೆ ಸರಕಾರದ ಮನ್ನಣೆಯು ದೊರೆಯಿತು. ಹಾಲಿನ ಗೀರ್ ತಳಿಯ ಹೋರಿಗಳನ್ನು ಅವುಗಳ ಹೆಣ್ಣುಕರುಗಳ ಹಾಲಿನಿಂದ ಪರೀಕ್ಷಿಸುವ ಕ್ರಮವು 1985ರಿಂದ ನಡೆದಿದೆ.

ಇತ್ತ ಕೃಷ್ಣಾತೀರದ ತಳಿಯು ತೀರ ಕ್ಷೀಣಿಸಿದೆ. ಟ್ರ್ಯಾಕ್ಟರು ಬಂದಿತು, ನೀರಾವರಿಯ ಕಬ್ಬು ಬಂದಿತು, ಹಾಲಿಗಾಗಿ ವಿಲಾಯತಿ ಮಿಶ್ರತಳಿಯ ಆಕಳು ಬಂದಿತು. ಎತ್ತಿನ ಕೆಲಸವು ಕಡಿಮೆಯಾಯಿತು. ಈ ಕಾರಣಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉಳಿದ ದನಗಳಲ್ಲಿ ಯಾವುದು ಯಾವ ಹೋರಿಯ ಮಗುವೆಂಬುದನ್ನು ಬರೆದಿಟ್ಟ ಮನೆಗಳು ಎಷ್ಟು? ಉಬೆರಾಬಾದ ದನಗಾರನು ನಮ್ಮ ವಿದ್ಯಾರ್ಥಿಯನ್ನು, ‘ನಿಮ್ಮ ತಂದೆಯ ಆಕಳು ದಿನಕ್ಕೆಷ್ಟು ಹಾಲು ಕೊಡುತ್ತದೆ? ಅದರ ತಾಯಿ ಎಷ್ಟು ಕೊಡುತ್ತಿತ್ತು?’ ಎಂದು ಕೇಳಿದರೆ ಅವನು ಏನು ಹೇಳುವನು? ಗಾಜಿನ ಮನೆಯ ಕುಂಡಗಳ ಅಂಕೆಗಳೆಲ್ಲ ಅವನಿಗೆ ಬಾಯಿಪಾಠವಾಗಿರುತ್ತವೆ. ತನ್ನ ದಾವಣಿಯ ಅಂಕೆಯೊಂದೂ ಅವನ ಬಳಿಯಿರದು.

ಮರಳಿ ಬರುವಾಗ

ಮಗನ ಪ್ರಯಾಣದ ವೆಚ್ಚಕ್ಕಾಗಿ ಎತ್ತಿನ ಜೋಡಿಯನ್ನು ಮಾರಲು ಮುಂದಾಗುವ ತಂದೆಯು ಮೊದಲು ವಿದ್ಯಾರ್ಥಿವೇತನದ ವಿಷಯವನ್ನು ಚೆನ್ನಾಗಿ ವಿಚಾರಿಸಲಿ. ಬೋಧನಾ ಶುಲ್ಕವಿಲ್ಲವಾದರೂ ವಿಮಾನದ ಖರ್ಚು, ಮನೆಬಾಡಿಗೆ, ಮೊದಲ ಕೆಲವು ತಿಂಗಳ ಊಟ ಇವು ಕೈಯಿಂದಲೇ ಹೋಗುತ್ತವೆ. ವೇತನವು ಲಿಖಿತವಾಗಿ ಮಂಜೂರಾದ ಹೊರತು ಹೊರಡುವದು ಜಾಣತನವಲ್ಲ.

ಹೋಗಿ ಬಂದವನು ಪದವಿಯನ್ನು ತರುವನು, ಅದು ಅವನದು. ಊರಿಗಾಗಿ ಅವನು ತರಬೇಕಾದುದು ಆ ಸಂಜೆಯ ಪುಸ್ತಕದ ರೂಢಿ. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಹೋಗದೆ ಊರಲ್ಲಿರುವವರೂ ಇದನ್ನು ಈ ವರ್ಷವೇ ಪ್ರಾರಂಭಿಸಬಹುದು. ಪ್ರತಿಯೊಂದು ದನಕ್ಕೆ ನೋಟಬುಕ್ಕಿನ ಒಂದು ಹಾಳೆಯನ್ನು ಮೀಸಲಿಟ್ಟು ಈ ಕೆಳಗಿನ ಸಂಗತಿಗಳನ್ನು ಬರೆಯತಕ್ಕದ್ದು:

1. ಹುಟ್ಟಿದ ತಾರೀಖು, ಬಣ್ಣ, ಗುರುತು.
2. ತಾಯಿಯ ಹೆಸರು, ಹೋರಿಯಾವುದು, ಯಾವ ಊರಿನದು, ಯಾರದು, ಕೃತಕ ಗರ್ಭಧಾರಣೆಯಾಗಿದ್ದರೆ ವೀರ್ಯನಳಿಕೆಯ ಸಂಖ್ಯೆ.
3. ಈದ ತಾರೀಖುಗಳು; ಹದಿನೈದು ದಿನಕ್ಕೊಮ್ಮೆ ಬೆಳಗು ಸಂಜೆಗಳ ಹಾಲಿನ ಅಳತೆ.
4. ಬೇನೆ, ಲಸಿಕೆ, ಔಷಧ.
5. ಮಾರಿದರೆ ಯಾರಿಗೆ, ಯಾವ ಊರಿಗೆ.

ಕೃಷ್ಣಾತೀರದ ಹೋರಿ ಅಥವಾ ಆಕಳನ್ನು ಇನ್ನೂ ಇಟ್ಟುಕೊಂಡಿರುವ ನಾಲತವಾಡ, ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಒಕ್ಕಲಿಗರು ಈ ಹಾಳೆಯ ಪ್ರತಿಯನ್ನು ಸಮೀಪದ ಪಶುವೈದ್ಯ ಶಾಲೆಯಲ್ಲಿ ತೋರಿಸಿ, ತಳಿಯ ಗುರುತನ್ನು ಖಚಿತಪಡಿಸಿಕೊಳ್ಳಬೇಕು. ಹೋರಿಯನ್ನು ಬೀಜ ಹೊಡೆಸುವ ಮುಂಚೆ ಒಮ್ಮೆ ವೈದ್ಯರ ಸಲಹೆಯನ್ನು ಕೇಳಬೇಕು. ಒಳ್ಳೆಯ ಹೋರಿಯು ಒಮ್ಮೆ ಎತ್ತಾದರೆ ಅದರ ವಂಶವು ಅಲ್ಲಿಗೇ ನಿಲ್ಲುತ್ತದೆ. ಪರದೇಶಕ್ಕೆ ಹೊರಟಿರುವ ವಿದ್ಯಾರ್ಥಿಯು ತನ್ನ ಮನೆಯ ದಾವಣಿಯ ಈ ಹಾಳೆಗಳನ್ನು ತಾನೇ ತುಂಬಿ, ಒಂದು ಪ್ರತಿಯನ್ನು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೊರಡಲಿ. ಅಲ್ಲಿ ಯಾರಾದರೂ ಕೇಳುವದು ನಿಶ್ಚಯ.