ತಂಬೂರಿಯ ನಾಡಿನಲ್ಲಿ ಬೇಸ್ ಗಿಟಾರ್

ಹೊಳೆನರಸೀಪುರವಾಗಲಿ ಚನ್ನರಾಯಪಟ್ಟಣವಾಗಲಿ, ಗಣೇಶೋತ್ಸವದ ರಸಮಂಜರಿ ಶುರುವಾಗುವ ಮುಂಚಿನ ಅರ್ಧ ಗಂಟೆ ಎಲ್ಲ ಕಡೆಯೂ ಒಂದೇ ತರಹ ಇರುತ್ತದೆ. ಕೀಬೋರ್ಡಿನವರು ಸ್ವರ ಒತ್ತಿ ನೋಡುತ್ತಾರೆ, ರಿದಂ ಪ್ಯಾಡಿನವರು ಕಡ್ಡಿ ಆಡಿಸುತ್ತಾರೆ, ಮೈಕಿನಲ್ಲಿ 'ಹಲೋ, ಚೆಕ್, ಚೆಕ್' ನಡೆದಿರುತ್ತದೆ. ಆಗ ಹಿಂದಿನ ಸಾಲಿನಲ್ಲಿ ಡ್ರಮ್ಸ್ ಪಕ್ಕ ನಿಂತವರೊಬ್ಬರು ದಪ್ಪ ತಂತಿಯೊಂದನ್ನು ಬೆರಳಿನಿಂದ ಮೀಟುತ್ತಾರೆ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ಸಣ್ಣಗೆ ನಡುಗುತ್ತದೆ. ಸ್ವರ ಕಿವಿಗೆ ಬೀಳುವ ಹೊತ್ತಿಗೆ ಎದೆಗೂ ತಟ್ಟಿರುತ್ತದೆ. ಅದು ಬೇಸ್ ಗಿಟಾರ್.

ಗಾಯಕರಿಗೆ ಚಪ್ಪಾಳೆ ಸಿಗುತ್ತದೆ, ಡ್ರಮ್ಸ್‌ನವರಿಗೆ ಶಿಳ್ಳೆ ಸಿಗುತ್ತದೆ. ಬೇಸ್ ನುಡಿಸುವವರ ಹೆಸರನ್ನು ನಿರೂಪಕರು ಕೊನೆಗೆ ಹೇಳುತ್ತಾರೆ, ಕೆಲವೊಮ್ಮೆ ಮರೆಯುತ್ತಾರೆ. ಆದರೆ ತಾಳವನ್ನೂ ಶ್ರುತಿಯನ್ನೂ ಒಟ್ಟಿಗೆ ಹೊರುವ ವಾದ್ಯ ಇದೇ. ಡ್ರಮ್ಸ್‌ನ ಪೆಟ್ಟಿಗೆ ಸರಿಯಾಗಿ ಒಂದು ಸ್ವರ ಕೂರಿಸಿ, ಮೇಲೆ ಹಾಡುವವರಿಗೆ ನೆಲ ಹಾಕಿಕೊಡುವುದು ಅದರ ಕೆಲಸ.

ಹಾಸನ ಜಿಲ್ಲೆಗೆ ಈ 'ನೆಲ'ದ ಕಲ್ಪನೆ ಹೊಸದಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿ ದಡದ ಸಂಗೀತಗಾರರ ಊರು. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲಿ. ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ಜೋಡಿ 'ರುದ್ರಪಟ್ಣಂ ಸಹೋದರರು' ಎಂದೇ ಹೆಸರಾಯಿತು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಎದ್ದುನಿಂತ ಸಪ್ತಸ್ವರ ದೇವತಾ ಧ್ಯಾನಮಂದಿರ ತಂಬೂರಿಯ ಆಕಾರದಲ್ಲೇ ಇದೆ. ತಂಬೂರಿಗೂ ನಾಲ್ಕು ತಂತಿ, ಬೇಸ್ ಗಿಟಾರ್‌ಗೂ ನಾಲ್ಕು. ತಂಬೂರಿಯ ಕೊನೆಯ ತಂತಿ ಮಂದ್ರ ಷಡ್ಜದಲ್ಲಿ ನಿಂತು ಕಛೇರಿಯನ್ನು ಹಿಡಿದಿಡುತ್ತದೆ. ಬೇಸ್‌ನಲ್ಲಿ ಆ ಆಧಾರ ಸ್ವರ ಹಾಡಿನ ಜೊತೆ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಅದರ ನಾಲ್ಕು ತಂತಿಗಳೂ ಮಧ್ಯಮದ ಅಂತರದಲ್ಲಿವೆ: ಒಂದನ್ನು ಷಡ್ಜವೆಂದುಕೊಂಡರೆ ಅದರ ಮುಂದಿನದು ಶುದ್ಧ ಮಧ್ಯಮ. ಹಾಗಾಗಿ ಗಾಯಕಿ ಕೊನೆಯ ಗಳಿಗೆಯಲ್ಲಿ ಶ್ರುತಿ ಬದಲಿಸಿದರೂ ಬೆರಳಿನ ವರಸೆ ಬದಲಾಗುವುದಿಲ್ಲ, ಕೈ ಎರಡು ಮೆಟ್ಟು ಆಚೆ ಸರಿದರೆ ಸಾಕು.

ಈ ವಾದ್ಯದ ವಯಸ್ಸು ಬಹಳವಿಲ್ಲ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ವಿದ್ಯುತ್ ಬೇಸ್ ಮಾಡಿದ್ದರೂ ಅದು ಹೆಚ್ಚು ಹಬ್ಬಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 'ಪ್ರಿಸಿಷನ್ ಬೇಸ್' ಹೊರತಂದರು. ಅದಕ್ಕೆ ಮುಂಚೆ ಆಳು ಎತ್ತರದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು. ಡ್ರಮ್ಸ್, ಕಹಳೆಗಳ ನಡುವೆ ಅದು ಕೇಳಿಸುತ್ತಲೂ ಇರಲಿಲ್ಲ. ಫೆಂಡರ್ ಮಾಡಿದ ವಾದ್ಯವನ್ನು ಹೆಗಲಿಗೆ ಹಾಕಿಕೊಳ್ಳಬಹುದಿತ್ತು, ಮೆಟ್ಟುಗಳಿದ್ದುದರಿಂದ ಸ್ವರ ನಿಖರವಾಗಿ ಬೀಳುತ್ತಿತ್ತು. 'ಪ್ರಿಸಿಷನ್', ಅಂದರೆ ನಿಖರತೆ, ಎಂಬ ಹೆಸರು ಬಂದದ್ದೂ ಹಾಗೆಯೇ. ದೊಡ್ಡ ಸಭೆಗೆ ಕೇಳಿಸಬೇಕೆಂಬ ಇದೇ ಅಗತ್ಯ ನಮ್ಮ ಮೈಸೂರಿನ ಟಿ. ಚೌಡಯ್ಯ ಅವರಿಂದ ಏಳು ತಂತಿಯ ಪಿಟೀಲು ಮಾಡಿಸಿತ್ತು.

ಕನ್ನಡ ಕಿವಿಗೆ ಬೇಸ್ ಮುಖ್ಯವಾಗಿ ಸಿನಿಮಾ ಹಾಡಿನಿಂದ ಬಂತು. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ 'ಗೀತಾ' ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳನ್ನು ಆರ್ಕೆಸ್ಟ್ರಾದವರು ಇಂದಿಗೂ ಬಿಟ್ಟಿಲ್ಲ. ಅಲ್ಲಿ ಬೇಸ್ ತಾಳ ಹಿಡಿದು ನಿಲ್ಲದೆ ತನ್ನದೇ ಇನ್ನೊಂದು ರಾಗ ಹಾಡುತ್ತದೆ. ಕಲಿಯುವವರಿಗೆ ಅದೇ ದೊಡ್ಡ ಪಾಠ. ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮ, ಭಾವಗೀತೆಯನ್ನೂ ದೊಡ್ಡ ವಾದ್ಯವೃಂದದೊಡನೆ ಮೈದಾನ ತುಂಬ ಕೇಳಿಸಬಹುದೆಂದು ತೋರಿಸಿತು. ಆಮೇಲಿನ ತಲೆಮಾರಿನಲ್ಲಿ ರಘು ದೀಕ್ಷಿತ್ ಅವರ ತಂಡದಲ್ಲಿ ಗೌರವ್ ವಾಜ್, 'ಸ್ವರಾತ್ಮ'ದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ಹಿಡಿದು ಕನ್ನಡದ ಹಾಡುಗಳನ್ನು ದೂರದ ವೇದಿಕೆಗಳಿಗೆ ಒಯ್ದರು.

ಇನ್ನು ಕೊಳ್ಳುವ ಮಾತು. ಹಾಸನದಿಂದ ಅರಕಲಗೂಡಿಗೆ ಬಸ್ಸಿನಲ್ಲೋ ಟೆಂಪೋದಲ್ಲೋ ಹೋಗಿ, ಮೂರು ಗಂಟೆ ನಿಂತು ನುಡಿಸಿ, ಮಧ್ಯರಾತ್ರಿ ಮನೆಗೆ ಮರಳುವವರಿಗೆ ಎಂಥ ಗಿಟಾರ್ ಬೇಕು? ಸುಮಾರು ನಾಲ್ಕು ಕಿಲೋ ತೂಗುವ ಸರಳ ವಾದ್ಯ, ಹೆಗಲಿಗೆ ಅಗಲವಾದ ಪಟ್ಟಿ, ದಪ್ಪ ಸ್ಪಂಜಿನ ಬ್ಯಾಗು. ಯಮಹಾ, ಐಬನೆಜ್, ಕಾರ್ಟ್ ಕಂಪನಿಗಳ ಆರಂಭದ ದರ್ಜೆಯ ಬೇಸ್‌ಗಳೇ ಈ ಕೆಲಸಕ್ಕೆ ಸಾಕು. 'ಆಕ್ಟಿವ್' ಬೇಸ್‌ನೊಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಕೇಬಲ್ ಸಿಕ್ಕಿಸಿದ ಕ್ಷಣದಿಂದ ಅದು ಖರ್ಚಾಗುತ್ತಲೇ ಇರುತ್ತದೆ; ಊಟಕ್ಕೆ ಹೋಗುವಾಗ ಕೇಬಲ್ ತೆಗೆಯುವುದನ್ನು ಮರೆತರೆ ಜಾತ್ರೆಯ ನಡುವೆ ದನಿ ಸೊರಗುತ್ತದೆ. ಬ್ಯಾಟರಿಯೇ ಇಲ್ಲದ 'ಪ್ಯಾಸಿವ್' ಬೇಸ್‌ಗೆ ಆ ಚಿಂತೆಯಿಲ್ಲ.

ಐದು ತಂತಿಯ ಬೇಸ್ ಬೇಕೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನಾಲ್ಕು ತಂತಿಯದರ ಅತಿ ಕೆಳಗಿನ ಸ್ವರ ಸೆಕೆಂಡಿಗೆ 41 ಸಲ ಕಂಪಿಸಿದರೆ ಐದನೆಯ ತಂತಿಯದು 31 ಸಲ. ಈಚಿನ ಸಿನಿಮಾ ಹಾಡುಗಳಲ್ಲಿ ಆ ಆಳದ ಸ್ವರಗಳು ಬರುತ್ತವೆ, ನಿಜ. ಆದರೆ ಪೆಂಡಾಲಿನ ಸಾಧಾರಣ ಸ್ಪೀಕರ್ ಅಷ್ಟು ಕೆಳಗಿನ ಕಂಪನವನ್ನು ಹೊರಡಿಸಲಾರದು. ಸಬ್ ವೂಫರ್ ಇರುವ ವೇದಿಕೆಗಳು ನಿಯಮಿತವಾಗಿ ಸಿಗುವ ತನಕ ನಾಲ್ಕೇ ತಂತಿ ಒಳ್ಳೆಯದು.

ಹಳೆಯ ಗಿಟಾರ್ ಕೊಳ್ಳುವವರು ಹನ್ನೆರಡನೆಯ ಮೆಟ್ಟಿನಲ್ಲಿ ಪರೀಕ್ಷೆ ಮಾಡಬೇಕು. ಅಲ್ಲಿ ತಂತಿಯನ್ನು ಬರಿದೆ ತಾಗಿಸಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದಾಗಬೇಕು. ಆಗದಿದ್ದರೆ ಕುದುರೆಯ ತಿರುಪು ತಿರುಗಿಸಿ ಸರಿಮಾಡಬಹುದು. ಆಮೇಲೆ ಪ್ರತಿ ಮೆಟ್ಟನ್ನೂ ಒತ್ತುತ್ತ ಹೋದಾಗ ಎಲ್ಲೂ ತಂತಿ ಜರ್ರೆನ್ನಬಾರದು. ಮಳೆಗಾಲದ ತೇವಕ್ಕೆ ಗಿಟಾರ್‌ನ ಕತ್ತಿನ ಮರ ಬಾಗುತ್ತದೆ. ಅದನ್ನು ಸರಿಮಾಡಲು ಒಳಗಿನ ಕಬ್ಬಿಣದ ಸರಳನ್ನು ಅಲನ್ ಕೀಲಿಯಿಂದ ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಬೇಕು. ರಾಜ್ಯೋತ್ಸವದ ಹೊತ್ತಿನ ರಾತ್ರಿಯ ಚಳಿಗೆ ತಂತಿ ಕುಗ್ಗಿ ಶ್ರುತಿ ಏರುತ್ತದೆ. ಹಾಗಾಗಿ ನಡುವೆ ಒಮ್ಮೆ ಬಿರಡೆ ನೋಡಿಕೊಳ್ಳದೆ ವಿಧಿಯಿಲ್ಲ.

ಬೇಸ್ ತಂತಿ ದುಬಾರಿ. ದನಿ ಮಂಕಾದಾಗ ವಾದಕರು ಹಳೆಯ ತಂತಿ ಬಿಚ್ಚಿ, ಸುರುಳಿ ಸುತ್ತಿ, ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸುತ್ತಾರೆ. ಸುತ್ತುಗಳ ನಡುವೆ ಕೂತ ಬೆವರು, ಜಿಡ್ಡು ಬಿಟ್ಟುಕೊಂಡು ನೀರು ಬಗ್ಗಡವಾಗುತ್ತದೆ. ಒರೆಸಿ ಒಣಗಿಸಿ ಮತ್ತೆ ಹಾಕಿದರೆ ಕೆಲವು ಕಾರ್ಯಕ್ರಮಗಳ ಮಟ್ಟಿಗೆ ಹೊಸ ತಂತಿಯ ಹೊಳಪು ಮರಳುತ್ತದೆ.

ಗಿಟಾರ್ ಕೊಂಡಮೇಲೆ ಮಿಕ್ಕ ಹಣದಲ್ಲಿ ಮೊದಲು ಕೊಳ್ಳಬೇಕಾದದ್ದು ಒಂದು ಪುಟ್ಟ ಡಿಐ ಬಾಕ್ಸ್. ಗಿಟಾರ್‌ನ ಸಾಮಾನ್ಯ ಕೇಬಲ್ ಉದ್ದವಾದಷ್ಟೂ ದನಿ ಮಂದವಾಗುತ್ತದೆ, ಗುಂಯ್‌ಗುಡುವ ಸದ್ದು ಸೇರಿಕೊಳ್ಳುತ್ತದೆ. ಡಿಐ ಬಾಕ್ಸ್ ಇದ್ದರೆ ಪೆಂಡಾಲಿನ ಇನ್ನೊಂದು ತುದಿಯ ಮಿಕ್ಸರ್‌ವರೆಗೆ ದನಿ ಕೆಡದೆ ಹೋಗುತ್ತದೆ. ದೊಡ್ಡ ಆಂಪ್ಲಿಫೈಯರ್ ಹೊರುವ ಕಷ್ಟವೂ ತಪ್ಪುತ್ತದೆ. ಇನ್ನೊಂದು, ಹತ್ತಾರು ರೂಪಾಯಿಯ ಟೆಸ್ಟರ್. ಜನರೇಟರ್‌ಗೆ ಅರ್ಥಿಂಗ್ ಸರಿಯಿಲ್ಲದ ಕಡೆ ತಂತಿ ಹಿಡಿದ ಕೈ ಒಂದೆಡೆ, ಮೈಕಿಗೆ ತಾಗಿದ ತುಟಿ ಇನ್ನೊಂದೆಡೆ ಇದ್ದರೆ ಶಾಕ್ ಹೊಡೆಯುತ್ತದೆ. ನುಡಿಸುವ ಮುಂಚೆ ತಂತಿಗೂ ಮೈಕಿನ ಜಾಲರಿಗೂ ಟೆಸ್ಟರ್ ಮುಟ್ಟಿಸಿ ನೋಡುವ ಅಭ್ಯಾಸ ಜೀವ ಉಳಿಸುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದ ವಾದಕರಿಗೆ ಈಗ ಎದುರಾಗಿರುವುದು ಬೇರೆ ಕಷ್ಟ. ಖರ್ಚು ಉಳಿಸಬೇಕೆಂದಾಗ ಮೊದಲು ಕೈಬಿಡುವ ಹೆಸರು ಅವರದೇ. ಕೀಬೋರ್ಡಿನವರ ಎಡಗೈ ಬೇಸ್ ನೋಡಿಕೊಳ್ಳುತ್ತದೆ, ಇಲ್ಲವೇ ಪೆನ್‌ಡ್ರೈವ್‌ನ ಟ್ರ್ಯಾಕ್‌ಗೆ ಗಾಯಕರು ದನಿ ಕೂಡಿಸುತ್ತಾರೆ. ಟ್ರ್ಯಾಕ್ ತಪ್ಪು ಮಾಡುವುದಿಲ್ಲ. ಆದರೆ ಜನ ಕುಣಿಯುತ್ತಿದ್ದಾರೆಂದು ಪಲ್ಲವಿಯನ್ನು ಇನ್ನೆರಡು ಸಲ ಎಳೆಯಲು ಅದಕ್ಕೆ ಬಾರದು, ಚರಣ ಮರೆತ ಹೊಸ ಗಾಯಕನಿಗಾಗಿ ಒಂದು ಆವರ್ತ ಕಾಯಲೂ ಬಾರದು. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮದಂತೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ವಿಶೇಷ ಅನುಮತಿ ಇದ್ದ ದಿನ ಮಾತ್ರ 12ರವರೆಗೆ ಅವಕಾಶ. ಸಿಗುವ ಆ ಎರಡು ಮೂರು ಗಂಟೆಯನ್ನು ಜೀವಂತ ಕೈಗಳೇ ತುಂಬಿದರೆ ಚೆಂದ.

ಈ ವರ್ಷ ರಸಮಂಜರಿ ಗೊತ್ತುಮಾಡುವ ಉತ್ಸವ ಸಮಿತಿಯವರು ತಂಡದೊಡನೆ ದರ ಮಾತನಾಡುವಾಗ ಎರಡು ವಿಷಯ ಖಚಿತಪಡಿಸಿಕೊಳ್ಳಲಿ: ಬೇಸ್ ಗಿಟಾರ್ ನುಡಿಸುವವರು ಬರುತ್ತಾರೆಯೇ, ವೇದಿಕೆಗೆ ಅರ್ಥಿಂಗ್ ಹಾಕಿಸಿದ್ದೇವೆಯೇ.