ಓರಿಜೆನ್: ಜಿಜ್ಞಾಸೆಯಾಗಿ ಹುಟ್ಟಿದ ದೇವಶಾಸ್ತ್ರ

ಕ್ರೈಸ್ತ ಧರ್ಮದ ಮೊದಲ ಮೂರು ಶತಮಾನಗಳಲ್ಲಿ ಬೈಬಲಿನ ನಂಬಿಕೆಯನ್ನು ಗ್ರೀಕ್ ತತ್ತ್ವಶಾಸ್ತ್ರದ ಶಿಸ್ತಿಗೆ ಒಡ್ಡಿ ಅದಕ್ಕೊಂದು ಸಮಗ್ರ ದರ್ಶನದ ರೂಪ ಕೊಡಲು ಯತ್ನಿಸಿದವರಲ್ಲಿ ಅಲೆಕ್ಸಾಂಡ್ರಿಯದ ಓರಿಜೆನ್ ಅಗ್ರಗಣ್ಯನು. ಅವನು ತೀರಿಕೊಂಡು ಮುನ್ನೂರು ವರ್ಷ ಕಳೆಯುವ ಹೊತ್ತಿಗೆ ಅದೇ ಧರ್ಮದ ಸಭೆ ಅವನ ಹೆಸರಿಗೆ ಅಂಟಿದ ಸಿದ್ಧಾಂತಗಳನ್ನು ಖಂಡಿಸಿತು. ಖಂಡನೆಗೊಳಗಾದವನ ಗ್ರಂಥಗಳನ್ನು ಪ್ರತಿಮಾಡಿ ಉಳಿಸುವವರು ವಿರಳವಾದರು. ಹೀಗಾಗಿ ಅವನು ಬರೆದುದರಲ್ಲಿ ಬಹುಪಾಲು ನಷ್ಟವಾಗಿ, ಉಳಿದುದರಲ್ಲಿ ಹೆಚ್ಚಿನದು ಲ್ಯಾಟಿನ್ ಅನುವಾದವಾಗಿ, ಇಲ್ಲವೇ ವಿರೋಧಿಗಳು ಎತ್ತಿಕೊಂಡ ತುಣುಕುಗಳಾಗಿ ದೊರೆಯುತ್ತದೆ. ಆದ್ದರಿಂದ ಓರಿಜೆನ್‌ನನ್ನು ಅಧ್ಯಯನ ಮಾಡುವವರು ಅವನು ಏನು ಹೇಳಿದನೆಂಬುದರ ಜೊತೆಗೆ, ಅದನ್ನು ನಿರ್ಣಯವಾಗಿ ಹೇಳಿದನೋ ಜಿಜ್ಞಾಸೆಯಾಗಿ ಮುಂದಿಟ್ಟನೋ ಎಂಬುದನ್ನೂ ಹೆಜ್ಜೆಹೆಜ್ಜೆಗೆ ತೂಗಿನೋಡಬೇಕಾಗುತ್ತದೆ.

ಅವನ ಜೀವನದ ವಿವರಗಳು ಮುಖ್ಯವಾಗಿ ನಾಲ್ಕನೆಯ ಶತಮಾನದ ಇತಿಹಾಸಕಾರ ಯುಸೀಬಿಯಸ್‌ನ ‘ಸಭೆಯ ಇತಿಹಾಸ’ದ ಆರನೆಯ ಭಾಗದಿಂದ ತಿಳಿದುಬರುತ್ತವೆ; ಆದರೆ ಯುಸೀಬಿಯಸ್ ಓರಿಜೆನ್‌ನ ಕಟ್ಟಾ ಅಭಿಮಾನಿಯಾಗಿದ್ದನೆಂಬುದನ್ನು ಓದುಗರು ಮರೆಯಬಾರದು. ಸುಮಾರು 185ರಲ್ಲಿ ಹುಟ್ಟಿದ ಓರಿಜೆನ್‌ಗೆ ಹದಿನೇಳು ತುಂಬುವ ಮೊದಲೇ, ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ, ತಂದೆ ಲಿಯೊನಿಡೀಸ್ ಮರಣದಂಡನೆಗೆ ಗುರಿಯಾದನು. ಆಸ್ತಿ ಜಪ್ತಿಯಾಗಿ, ತಾಯಿಯನ್ನೂ ಆರು ಮಂದಿ ತಮ್ಮಂದಿರನ್ನೂ ಸಾಕುವ ಹೊಣೆ ಹೊತ್ತ ಆ ಹುಡುಗ ವ್ಯಾಕರಣ ಮತ್ತು ಸಾಹಿತ್ಯದ ಪಾಠ ಹೇಳಿ ಸಂಸಾರ ನಡೆಸಿದನು. ಮುಂದೆ ಅಲೆಕ್ಸಾಂಡ್ರಿಯದ ಬಿಷಪ್ ಡಿಮೀಟ್ರಿಯಸ್‌ನೊಂದಿಗೆ ವೈಮನಸ್ಯ ಬೆಳೆದುದರಿಂದ 230ರ ದಶಕದ ಆರಂಭದಲ್ಲಿ ಪಾಲೆಸ್ತೀನದ ಸೀಸರಿಯ ನಗರಕ್ಕೆ ಬಂದು ನೆಲೆಸಿದ ಅವನು, 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಆಜ್ಞೆಯಂತೆ ಸೆರೆವಾಸವನ್ನೂ ಚಿತ್ರಹಿಂಸೆಯನ್ನೂ ಅನುಭವಿಸಿ, ಬಿಡುಗಡೆಯಾದರೂ ಚೇತರಿಸಿಕೊಳ್ಳದೆ ಕೆಲವೇ ವರ್ಷಗಳಲ್ಲಿ ತೀರಿಕೊಂಡನು.

ಅವನ ದರ್ಶನದ ಪ್ರವೇಶದ್ವಾರ ‘ಪೆರಿ ಆರ್ಕೋನ್’, ಅಂದರೆ ‘ಮೂಲತತ್ತ್ವಗಳನ್ನು ಕುರಿತು’ ಎಂಬ ನಾಲ್ಕು ಭಾಗಗಳ ಗ್ರಂಥ. ಇದರ ಮುನ್ನುಡಿಯನ್ನು ಓದದೆ ಮುಂದಿನ ಅಧ್ಯಾಯಗಳಿಗೆ ಹಾರಿದವರು ಓರಿಜೆನ್‌ನನ್ನು ತಪ್ಪು ತಿಳಿಯುವುದು ಬಹುಮಟ್ಟಿಗೆ ಖಚಿತ. ದೇವರು ಒಬ್ಬನೇ, ಅವನೇ ಸೃಷ್ಟಿಕರ್ತನು, ಕ್ರಿಸ್ತನು ಎಲ್ಲ ಸೃಷ್ಟಿಗಿಂತ ಮೊದಲೇ ಪಿತನಿಂದ ಜನಿಸಿದವನು, ಆತ್ಮಕ್ಕೆ ಸ್ವತಂತ್ರ ಸಂಕಲ್ಪವಿದೆ, ಅದರ ಕರ್ಮಕ್ಕೆ ತಕ್ಕ ಫಲವಿದೆ ಎಂಬಂಥವು ಅಪೊಸ್ತಲರು, ಅಂದರೆ ಯೇಸು ನೇಮಿಸಿದ ಮೊದಲ ಪ್ರಚಾರಕರು, ಸ್ಪಷ್ಟವಾಗಿ ಸಾರಿದ ವಿಷಯಗಳೆಂದು ಅವನು ಅಲ್ಲಿ ಗುರುತಿಸುತ್ತಾನೆ. ಆತ್ಮ ಎಲ್ಲಿಂದ ಬಂದಿತು, ಈ ಜಗತ್ತಿಗಿಂತ ಮೊದಲು ಏನಿತ್ತು, ಮುಂದೆ ಏನಿರುತ್ತದೆ ಎಂಬಂಥವನ್ನು ಅವರು ಬಿಡಿಸಿ ಹೇಳಲಿಲ್ಲವೆಂದೂ, ಜ್ಞಾನವನ್ನು ಪ್ರೀತಿಸುವವರ ಬುದ್ಧಿಯ ಸಾಧನೆಗೆ ಅವನ್ನು ಬಿಟ್ಟುಹೋದರೆಂದೂ ವಿವರಿಸುತ್ತಾನೆ. ಈ ಎರಡು ಬಗೆಯ ಮಾತುಗಳ ನಡುವಣ ಗೆರೆಯೇ ಅವನ ಇಡೀ ದೇವಶಾಸ್ತ್ರದ ಬೆನ್ನೆಲುಬು. ಅವನನ್ನು ಖಂಡಿಸಿದವರು ಹೆಚ್ಚಾಗಿ ಅಳಿಸಿಹಾಕಿದ್ದೂ ಇದೇ ಗೆರೆಯನ್ನು.

ಆ ಗೆರೆಯಾಚೆಗಿನ ಅವನ ಚಿಂತನೆ ಅಸಾಧಾರಣವಾದುದು. ದೇವರು ಆದಿಯಲ್ಲಿ ಬುದ್ಧಿಯುಳ್ಳ ಜೀವಿಗಳನ್ನು ಸಮಾನರಾಗಿ ಸೃಷ್ಟಿಸಿದನೆಂದೂ, ತಮ್ಮ ಸ್ವಾತಂತ್ರ್ಯವನ್ನು ಬಳಸಿ ಅವು ಬೇರೆಬೇರೆ ಪ್ರಮಾಣದಲ್ಲಿ ದೇವರಿಂದ ದೂರ ಸರಿದವೆಂದೂ, ಆ ದೂರಕ್ಕೆ ತಕ್ಕಂತೆ ದೇವದೂತರು, ಮನುಷ್ಯರು, ದುಷ್ಟಶಕ್ತಿಗಳು ಎಂಬ ಸ್ಥಿತಿಭೇದ ಉಂಟಾಯಿತೆಂದೂ ಅವನು ಊಹಿಸುತ್ತಾನೆ. ಈ ಊಹೆಗೆ ಅವನನ್ನು ದೂಡಿದ್ದು ನ್ಯಾಯದ ಪ್ರಶ್ನೆ. ವ್ಯಾಲೆಂಟೈನಸ್ ಎಂಬ ಬೋಧಕನ ಅನುಯಾಯಿಗಳು ಮನುಷ್ಯರಲ್ಲಿ ಕೆಲವರು ಸ್ವಭಾವದಿಂದಲೇ ಮುಕ್ತಿಗೆ, ಕೆಲವರು ಸ್ವಭಾವದಿಂದಲೇ ನಾಶಕ್ಕೆ ಸೇರಿದವರೆಂದು ಬೋಧಿಸುತ್ತಿದ್ದರು. ಮಾರ್ಸಿಯನ್ ಎಂಬ ಮತ್ತೊಬ್ಬ ಬೋಧಕನು ಹಳೆಯ ಒಡಂಬಡಿಕೆಯ ಸೃಷ್ಟಿಕರ್ತನೇ ಬೇರೆ, ಯೇಸುವಿನ ದಯಾಮಯ ದೇವರೇ ಬೇರೆ ಎಂದಿದ್ದನು. ಯಾಕೋಬ ಮತ್ತು ಏಸಾವ ಎಂಬ ಅವಳಿಗಳಲ್ಲಿ ಒಬ್ಬನನ್ನು ದೇವರು ಹುಟ್ಟುವ ಮೊದಲೇ ಆರಿಸಿಕೊಂಡದ್ದು ಹೇಗೆ ನ್ಯಾಯವಾದೀತು ಎಂಬ ಪ್ರಶ್ನೆಗೆ, ದೇವರ ಒಳ್ಳೆಯತನವನ್ನೂ ಜೀವಿಗಳ ಸ್ವಾತಂತ್ರ್ಯವನ್ನೂ ಬಿಟ್ಟುಕೊಡದೆ ಉತ್ತರ ಹುಡುಕಿದ ಓರಿಜೆನ್, ಅವರ ಆತ್ಮಗಳ ಪೂರ್ವದ ನಡತೆಯಲ್ಲಿ ಕಾರಣವನ್ನು ಕಂಡನು.

ಭಾರತೀಯ ಓದುಗರಿಗೆ ಇಲ್ಲಿ ಕರ್ಮ ಮತ್ತು ಪುನರ್ಜನ್ಮ ನೆನಪಾಗುವುದು ಸಹಜವಾದರೂ, ಎರಡನ್ನೂ ಒಂದೆಂದು ಭಾವಿಸುವ ಆತುರ ಸಲ್ಲದು. ಆತ್ಮ ಒಂದು ದೇಹದಿಂದ ಮತ್ತೊಂದಕ್ಕೆ ಅಲೆಯುತ್ತದೆಂಬ ಪ್ಲೇಟೋ ಪರಂಪರೆಯ ಮತವನ್ನು ಓರಿಜೆನ್ ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ ಸ್ಪಷ್ಟವಾಗಿ ನಿರಾಕರಿಸುತ್ತಾನೆ. ಅವನಿಗೆ ಈ ಜಗತ್ತು ಆತ್ಮಗಳನ್ನು ತಿದ್ದುವ ಸ್ಥಳ. ದೇವರ ಶಿಕ್ಷೆ ವೈದ್ಯನು ಕೊಡುವ ಕಹಿಮದ್ದು. ಶಿಕ್ಷೆಯ ಗುರಿ ಗುಣಪಡಿಸುವುದೇ ಆಗಿದ್ದರೆ ಕೊನೆಗೆ ಎಲ್ಲ ಜೀವಿಗಳೂ ದೇವರ ಬಳಿಗೆ ಮರಳಬೇಕಲ್ಲವೇ ಎಂಬ ತರ್ಕದಿಂದಲೇ ‘ಅಪೊಕಟಾಸ್ಟಸಿಸ್’, ಅಂದರೆ ಸರ್ವರ ಪುನಃಸ್ಥಾಪನೆ, ಎಂಬ ಅವನ ಅತ್ಯಂತ ವಿವಾದಿತ ವಿಚಾರ ಮೂಡಿತು. ಸೈತಾನನಿಗೂ ಮುಕ್ತಿಯುಂಟೆಂದು ಅವನು ಕಲಿಸಿದನೆಂಬ ಆರೋಪ ಅವನ ಜೀವಿತಕಾಲದಲ್ಲೇ ಹುಟ್ಟಿತ್ತು. ಅಲೆಕ್ಸಾಂಡ್ರಿಯದ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಅವನು ಅದನ್ನು ಅಲ್ಲಗಳೆದಿದ್ದನು.

ಶಾಸ್ತ್ರವಾಕ್ಯವನ್ನು ಓದುವುದರಲ್ಲೂ ಅವನದು ಇದೇ ಹುಡುಕಾಟ. ಮನುಷ್ಯನಿಗೆ ದೇಹ, ಪ್ರಾಣ, ಆತ್ಮಗಳಿರುವಂತೆ ಬೈಬಲಿನ ಮಾತಿಗೂ ಅಕ್ಷರಾರ್ಥ, ನೈತಿಕಾರ್ಥ, ಆಧ್ಯಾತ್ಮಿಕಾರ್ಥ ಎಂಬ ಮೂರು ಸ್ತರಗಳಿವೆಯೆಂದು ಅವನು ಹೇಳಿದನು. ಸೂರ್ಯನಿಲ್ಲದೆ ಮೊದಲ ಮೂರು ದಿನಗಳು ಹೇಗೆ ಕಳೆದವು ಎಂದು ಆದಿಕಾಂಡವನ್ನು ಪ್ರಶ್ನಿಸಿ, ಇಂಥ ಎಡವುಗಲ್ಲುಗಳನ್ನು ದೇವರೇ ಇರಿಸಿರುವುದು ಓದುಗನು ಮೇಲ್ಮೈಯಲ್ಲೇ ನಿಲ್ಲದೆ ಆಳಕ್ಕಿಳಿಯಲೆಂಬ ಉದ್ದೇಶದಿಂದ ಎಂದು ವಾದಿಸಿದನು. ಅಕ್ಷರವನ್ನು ಅವನು ಕಡೆಗಣಿಸಲಿಲ್ಲವೆಂಬುದಕ್ಕೆ ‘ಹೆಕ್ಸಾಪ್ಲಾ’ ಸಾಕ್ಷಿ: ಹೀಬ್ರೂ ಮೂಲ, ಗ್ರೀಕ್ ಲಿಪಿಯಲ್ಲಿ ಅದರ ಉಚ್ಚಾರಣೆ, ಮತ್ತು ನಾಲ್ಕು ಗ್ರೀಕ್ ಅನುವಾದಗಳನ್ನು ಆರು ಕಾಲಮ್ಮುಗಳಲ್ಲಿ ಅಕ್ಕಪಕ್ಕ ಜೋಡಿಸಿದ ಈ ಬೃಹತ್ ಸಂಪುಟ ಪಾಠಪರಿಷ್ಕರಣದ ಚರಿತ್ರೆಯಲ್ಲೇ ಒಂದು ಸಾಹಸ.

ಗ್ರೀಕ್ ಮೂಲದಲ್ಲೇ ಪೂರ್ಣವಾಗಿ ಉಳಿದಿರುವ ‘ಸೆಲ್ಸಸ್‌ಗೆ ಉತ್ತರ’ ಅವನ ವಾದಸೌಜನ್ಯಕ್ಕೆ ಕನ್ನಡಿ. ಕ್ರೈಸ್ತರ ವಿರುದ್ಧ ಸುಮಾರು ಎಪ್ಪತ್ತು ವರ್ಷ ಹಿಂದೆ ಸೆಲ್ಸಸ್ ಎಂಬ ಗ್ರೀಕ್ ತತ್ತ್ವಜ್ಞಾನಿ ಬರೆದಿದ್ದ ಗ್ರಂಥದ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಎಂಟು ಭಾಗಗಳಲ್ಲಿ ಉತ್ತರಿಸುವ ಈ ಕೃತಿ, ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮಂಡಿಸಿ ಸಿದ್ಧಾಂತಕ್ಕೆ ಬರುವ ಕ್ರಮವನ್ನು ನೆನಪಿಸುತ್ತದೆ. ಸೆಲ್ಸಸ್‌ನ ಗ್ರಂಥ ಕಳೆದುಹೋಗಿ, ಅದರ ಬಹುಭಾಗ ಎದುರಾಳಿಯ ಪುಟಗಳಲ್ಲೇ ಬದುಕುಳಿದಿದೆ.

ಓರಿಜೆನ್‌ನ ಗ್ರಂಥಕ್ಕೆ ಅಂಥ ಎದುರಾಳಿ ಸಿಗಲಿಲ್ಲ. 398ರಲ್ಲಿ ‘ಪೆರಿ ಆರ್ಕೋನ್’ ಅನ್ನು ಲ್ಯಾಟಿನ್‌ಗೆ ತಂದ ರುಫೀನಸ್, ಪಾಷಂಡಿಗಳು ಸೇರಿಸಿದ್ದೆಂದು ತನಗೆ ತೋರಿದ ಮಾತುಗಳನ್ನು ಬಿಟ್ಟಿರುವುದಾಗಿ ಮುನ್ನುಡಿಯಲ್ಲೇ ಹೇಳಿದನು. ಅದರಿಂದ ಕೆರಳಿದ ಜೆರೋಮ್, ಒಂದು ಕಾಲದಲ್ಲಿ ಓರಿಜೆನ್‌ನನ್ನು ಹೊಗಳಿದವನೇ, ದೋಷಗಳನ್ನು ಬಯಲಿಗಿಡಲೆಂದು ಮತ್ತೊಂದು ಅನುವಾದ ಮಾಡಿದನು. ಅದೂ ಈಗ ತುಣುಕುಗಳಲ್ಲಷ್ಟೇ ಇದೆ. 543ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಓರಿಜೆನ್‌ನ ವಿರುದ್ಧ ಶಾಸನ ಹೊರಡಿಸಿದನು. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಖಂಡನೆಗಳೊಂದಿಗೆ ಅವನ ಹೆಸರು ಸೇರಿಕೊಂಡಿತು. ಆ ಖಂಡನೆಗಳ ಗುರಿ ಬಹಳಮಟ್ಟಿಗೆ ಆರನೆಯ ಶತಮಾನದ ಪಾಲೆಸ್ತೀನದ ಸನ್ಯಾಸಿಗಳು ಬೆಳೆಸಿದ್ದ ಮತವೇ ಆಗಿತ್ತು. ಆದರೂ 1913ರಲ್ಲಿ ಪೌಲ್ ಕ್ಯೋಟ್‌ಶೌ ಸಂಪಾದಿಸಿದ ಆವೃತ್ತಿ ಆ ವಿರೋಧಿ ತುಣುಕುಗಳನ್ನೂ ಗ್ರಂಥಪಾಠದೊಳಗೆ ಸೇರಿಸಿತು. ದಶಕಗಳ ಕಾಲ ವಿದ್ವಾಂಸರು ಓದಿದ ಓರಿಜೆನ್ ಭಾಗಶಃ ಅವನ ನ್ಯಾಯಾಧೀಶರು ಕಟ್ಟಿದವನಾಗಿದ್ದನೆಂಬುದು ವಿಷಾದದ ಸಂಗತಿ.

ಈ ಅಧ್ಯಯನಕ್ಕೆ ಹೊಸ ಆಧಾರಗಳು ಇನ್ನೂ ದೊರೆಯುತ್ತಿವೆ. 1941ರಲ್ಲಿ ಕೈರೋದ ಬಳಿಯ ತುರಾದಲ್ಲಿ ಸಿಕ್ಕ ಪಪೈರಸ್ ಹಸ್ತಪ್ರತಿಗಳಲ್ಲಿ, ಹೆರಾಕ್ಲೈಡೀಸ್ ಎಂಬ ಬಿಷಪ್‌ನೊಂದಿಗೆ ಓರಿಜೆನ್ ನಡೆಸಿದ ಸಂವಾದದ ವರದಿಯಿತ್ತು. 2012ರಲ್ಲಿ ಮ್ಯೂನಿಕ್‌ನ ಬವೇರಿಯ ರಾಜ್ಯ ಗ್ರಂಥಾಲಯದ ಹಸ್ತಪ್ರತಿಗಳನ್ನು ಪಟ್ಟಿಮಾಡುತ್ತಿದ್ದ ಮರೀನಾ ಮೊಲಿನ್ ಪ್ರಾಡೆಲ್, ಕೀರ್ತನೆಗಳ ಮೇಲಿನ ಅವನ 29 ಪ್ರವಚನಗಳನ್ನು ಗ್ರೀಕ್‌ನಲ್ಲೇ ಗುರುತಿಸಿದರು. ಅವುಗಳಲ್ಲಿ ನಾಲ್ಕನ್ನು ರುಫೀನಸ್ ಹಿಂದೆಯೇ ಲ್ಯಾಟಿನ್‌ಗೆ ಅನುವಾದಿಸಿದ್ದುದರಿಂದ, ಮೂಲವನ್ನೂ ಅನುವಾದವನ್ನೂ ಎದುರುಬದುರು ಇಟ್ಟು, ಆ ಅನುವಾದಕನು ಎಲ್ಲಿ ಮೂಲಕ್ಕೆ ನಿಷ್ಠನಾಗಿದ್ದನು, ಎಲ್ಲಿ ತನ್ನ ಮಾತನ್ನು ಬೆರೆಸಿದನು ಎಂಬುದನ್ನು ವಿದ್ವಾಂಸರು ಈಗ ಸಾಲುಸಾಲಾಗಿ ಪರಿಶೀಲಿಸಬಹುದಾಗಿದೆ.